ಅಂಗಾಲಿಗೆ ತಿಳಿಯದ ಬಿಸಿ

ಮೊದಲು ನೋಡಿದ್ದು ನಾನಲ್ಲ, ಲಲಿತಾ.

ಫೆಬ್ರವರಿಯ ಮಧ್ಯಾಹ್ನ. ಬಾಳೂರಿನ ಹತ್ತಿರದ ಎಸ್ಟೇಟಿನ ಕಾಫಿ ಕಣದಲ್ಲಿ ಪಾರ್ಚ್‌ಮೆಂಟ್ ಹರಡಿತ್ತು. ಹಣ್ಣಿನ ಸಿಪ್ಪೆ ತೆಗೆದು ತೊಳೆದ, ಒಳಹೊಟ್ಟು ಇನ್ನೂ ಬಿಡದ ಬೀಜಕ್ಕೆ ಹಾಗೆನ್ನುತ್ತೇವೆ. ಅದನ್ನು ಬಿಸಿಲಿನಲ್ಲಿ ಮತ್ತೆ ಮತ್ತೆ ತಿರುವಬೇಕು. ಬರಿಗಾಲಿನಲ್ಲಿ ಸಾಲು ಹಿಡಿದು, ಹೆಜ್ಜೆ ಎತ್ತದೆ ಎಳೆಯುತ್ತಾ ಹೋದರೆ ಬೀಜ ಎರಡು ಬದಿಗೆ ಮಗುಚಿಕೊಳ್ಳುತ್ತದೆ. ನಾನು ಎರಡನೇ ಸಾಲು ಮುಗಿಸುವಷ್ಟರಲ್ಲಿ, ಪಕ್ಕದ ಸಾಲಿನಲ್ಲಿದ್ದ ಲಲಿತಾ ಕರೆದಳು.

"ರೈಟ್ರೇ, ಸ್ವಲ್ಪ ನಿಲ್ಲಿ ಮಾರಾಯ್ರೆ. ನೀವು ಹೋದಲ್ಲೆಲ್ಲ ಎಂತದೋ ಒದ್ದೆ ಆಗಿದೆ."

ಕಾಲೆತ್ತಿ ನೋಡಿದೆ. ಅಂಗಾಲಿನಲ್ಲಿ ಬೊಬ್ಬೆ ಎದ್ದು ಒಡೆದಿತ್ತು. ಸಿಮೆಂಟ್ ಕಣ ಕಾದ ಕಾವಲಿಯಂತಿತ್ತು.

ನನಗೆ ಏನೂ ಗೊತ್ತಾಗಿರಲಿಲ್ಲ.

ನಾನು ಮೂವತ್ತಾರು ವರ್ಷ ಎಸ್ಟೇಟ್ ರೈಟರ್ ಆಗಿದ್ದವನು. ಬೆಳಿಗ್ಗೆ ಹಾಜರಿ ಕರೆದು ಚೆಕ್‌ರೋಲ್ ಬರೆಯುವುದರಿಂದ ಸಂಜೆ ಗೋದಾಮಿಗೆ ಬೀಗ ಹಾಕುವವರೆಗೆ ನನ್ನ ಕೆಲಸ. ನಿವೃತ್ತಿಯಾದ ಮೇಲೂ ಕಣದ ಕಾಲಕ್ಕೆ ಸಾಹುಕಾರರು ನನ್ನನ್ನು ಕರೆಸಿಕೊಳ್ಳುತ್ತಿದ್ದರು. ಕಾರಣ ನನ್ನ ಅಂಗಾಲು. ಬೀಜ ಒಣಗಿದೆಯೇ ಎಂದು ಕೆಲವರು ಹಲ್ಲಿನಲ್ಲಿ ಕಚ್ಚಿ ನೋಡುತ್ತಾರೆ. ನನ್ನದು ಕಟ್ಟಿಸಿದ ಹಲ್ಲು, ಅದನ್ನು ನಂಬುವಂತಿಲ್ಲ. ಬರಿಗಾಲಿನಲ್ಲಿ ನಾಲ್ಕು ಹೆಜ್ಜೆ ನಡೆದರೆ ಸಾಕು, ಇವತ್ತು ಚೀಲ ಕಟ್ಟಬಹುದೋ ಇನ್ನೊಂದು ದಿನ ಬೇಕೋ ಹೇಳುತ್ತಿದ್ದೆ. ಒಣಗಿದ ಬೀಜ ಅಂಗಾಲಿಗೆ ಚೂಪಾಗಿ, ಹಗುರವಾಗಿ ತಾಗುತ್ತದೆ. ಹಸಿ ಇದ್ದರೆ ಅಂಟಿದಂತೆ ಭಾರ. ನಾನು ಹೇಳಿದ ಮೇಲೆ ಯಾರೂ ಎರಡನೇ ಸಲ ಪರೀಕ್ಷಿಸುತ್ತಿರಲಿಲ್ಲ.

ಬೊಬ್ಬೆ ತೋರಿಸಲು ಮೂಡಿಗೆರೆಗೆ ಹೋದೆ. ಅಲ್ಲಿನ ಡಾಕ್ಟರು ಮೇಜಿನ ಆಚೆಯಿಂದಲೇ ಕೇಳಿದರು. "ಶುಗರ್ ಉಂಟಲ್ಲ? ಶುಗರಿನವರಿಗೆ ಕಾಲು ಹೀಗೇ." ನನ್ನ ಶುಗರ್ ಹನ್ನೆರಡು ವರ್ಷದಿಂದ ಹಿಡಿತದಲ್ಲಿದೆ ಎಂದೆ. ರಿಪೋರ್ಟುಗಳನ್ನು ತಾರೀಕಿನ ಪ್ರಕಾರ ಜೋಡಿಸಿದ ಫೈಲನ್ನೇ ಮುಂದಿಟ್ಟೆ. ಅವರು ತೆರೆಯಲಿಲ್ಲ. ಮುಲಾಮು ಬರೆದರು. ಚಿಕ್ಕಮಗಳೂರಿನಲ್ಲಿ ಇನ್ನೊಬ್ಬರು ನನ್ನ ಮುಖ ನೋಡಿ, "ವಯಸ್ಸೆಷ್ಟು? ಅರವತ್ತೊಂಬತ್ತಾ? ಇನ್ನೆಷ್ಟು ಓಡಬೇಕು ನಿಮಗೆ?" ಎಂದು ನಕ್ಕರು.

ಇಬ್ಬರೂ ನನ್ನ ಕಾಲು ಮುಟ್ಟಲಿಲ್ಲ.

ಮಾರ್ಚ್ ತಿಂಗಳಲ್ಲಿ ಹತ್ತಿಯ ಮೇಲೆ ನಡೆದಂತೆ ಆಗತೊಡಗಿತು. ಚಪ್ಪಲಿ ಕಳಚಿ ಹೋದರೂ ತಿಳಿಯುತ್ತಿರಲಿಲ್ಲ. ನಾನು ಐದಕ್ಕೆ ಏಳುವವನು, ಐದೂವರೆಗೆ ಸ್ನಾನ, ಆರಕ್ಕೆ ದೇವರ ಗೂಡಿನ ಮುಂದೆ ಕಣ್ಣುಮುಚ್ಚಿ ನಿಲ್ಲುವವನು. ಒಂದು ಬೆಳಿಗ್ಗೆ ಕಣ್ಣುಮುಚ್ಚಿದೆ. ನೆಲ ಎಲ್ಲಿದೆ ಎಂಬ ಅರಿವೇ ಹೊರಟುಹೋಯಿತು. ಬಿದ್ದೆ. ಕಣ್ಣು ತೆರೆದಿದ್ದರೆ ನಿಲ್ಲಬಲ್ಲೆ, ಮುಚ್ಚಿದರೆ ಬೀಳುತ್ತೇನೆ. ಮುಖಕ್ಕೆ ಸೋಪು ಹಚ್ಚುವಾಗಲೂ ಒಂದು ಕೈಯಲ್ಲಿ ಗೋಡೆ ಹಿಡಿಯಬೇಕಾಯಿತು.

ಸಂಜೆಗತ್ತಲಿನಲ್ಲಿ ಕಣದಿಂದ ಮನೆಗೆ ಬರುವಾಗ ತೂರಾಡುತ್ತಿದ್ದೆ. ಅದನ್ನು ಮೇಸ್ತ್ರಿ ಚೆನ್ನಪ್ಪ ನೋಡಿದ. ಇಪ್ಪತ್ತು ವರ್ಷ ನನ್ನ ಕೈಕೆಳಗೆ ಆಳುಗಳನ್ನು ನಡೆಸಿದವನು. ನನ್ನ ಹತ್ತಿರ ಕೇಳಬಹುದಿತ್ತು. ಕೇಳಲಿಲ್ಲ.

ಆ ಹೊತ್ತಿಗೆ, ಬೀಜದ ಹೊಟ್ಟು ಬಿಡಿಸಿ ಹದಮಾಡುವ ಕ್ಯೂರಿಂಗ್ ವರ್ಕ್ಸ್‌ನಿಂದ ನಮ್ಮ ಚೀಲಗಳು ವಾಪಸು ಬಂದವು. ಒಳಗೆ ಹಸಿ ಇದೆ, ಬೂಸಲು ವಾಸನೆ ಬಂದಿದೆ ಎಂದು ಚೀಟಿ. ಒಣಗಿದೆ ಎಂದು ನಾನೇ ಹೇಳಿ ಬಾಯಿ ಹೊಲಿಸಿದ ಚೀಲಗಳು. ಸಾಹುಕಾರರು ಕರೆಸಿದರು. ಕುಳಿತುಕೊಳ್ಳಿ ಎನ್ನಲಿಲ್ಲ.

"ರೈಟ್ರೇ, ನಿಮ್ಮನ್ನ ನಮ್ಮ ತಂದೆ ಕಾಲದಿಂದ ನೋಡಿದವನು ನಾನು. ಸಂಜೆ ಹೊತ್ತು ಏನಾದ್ರೂ ಅಭ್ಯಾಸ ಮಾಡ್ಕೊಂಡಿದ್ರೆ ಸ್ವಲ್ಪ ಕಮ್ಮಿ ಮಾಡಿ. ಗೋದಾಮಿನ ಬೀಗದ ಕೈ ಚೆನ್ನಪ್ಪನ ಹತ್ರ ಇರ್ಲಿ."

ಕುಡಿತ. ನನಗೆ.

ಮದುವೆ ಮನೆಯ ಹಿಂಬಾಗಿಲಲ್ಲಿ ಗ್ಲಾಸು ಹಿಡಿದು ಒತ್ತಾಯಿಸಿದರೂ ಮುಟ್ಟದವನು ನಾನು. ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಬಂದೆ. ಬರುವಾಗ ಅವರ ಮೆಟ್ಟಿಲಲ್ಲೇ ಎಡವಿದೆ, ಅವರು ನೋಡುತ್ತಿದ್ದರು.

ನನ್ನ ಹೆಂಡತಿ ಶಾರದೆ ಕೇಳಿ ಕಿಡಿಯಾದಳು. "ನಲವತ್ತೆರಡು ವರ್ಷ ಪಕ್ಕದಲ್ಲಿ ಮಲಗಿದ ನನಗೆ ಬರದ ವಾಸನೆ ಆ ಚೆನ್ನಪ್ಪನಿಗೆ ಎಲ್ಲಿಂದ ಬಂತಂತೆ? ಬೇಕಾದ್ರೆ ಸಾವ್ಕಾರ್ರೇ ಬಂದು ಮೂಸಿ ನೋಡ್ಲಿ." ಆಮೇಲೆ ಮೆಲ್ಲಗೆ ಹೇಳಿದಳು. "ರೀ, ಸಿಟ್ಟು ಆಮೇಲೆ ಮಾಡಿ. ನಾಳೆ ಮೊದಲ ಬಸ್ಸಿಗೆ ಮಂಗಳೂರಿಗೆ ಹೋಗೋಣ."

ಮಂಗಳೂರಿನ ಆಸ್ಪತ್ರೆಯಲ್ಲಿ ನ್ಯೂರಾಲಜಿಯ ಡಾಕ್ಟರು ಒಬ್ಬ ಯುವತಿ. ಮಾತಿಗೆ ಮೊದಲು, "ಅಂಕಲ್, ಸಾಕ್ಸ್ ತೆಗೀರಿ" ಎಂದರು. ನೆಲದ ಮೇಲೆ ಮೊಣಕಾಲೂರಿ ಕುಳಿತು ನನ್ನ ಪಾದವನ್ನು ಕೈಯಲ್ಲಿ ತೆಗೆದುಕೊಂಡರು. ಕಣ್ಣು ಮುಚ್ಚಿಸಿ ಹೆಬ್ಬೆರಳನ್ನು ಮೇಲೆ ಕೆಳಗೆ ಮಾಡಿ, ಯಾವ ಕಡೆ ಎಂದು ಕೇಳಿದರು. ನಾನು ಊಹಿಸಿದೆ. ಆಮೇಲೆ ಕವಲೊಡೆದ ಒಂದು ಉಕ್ಕಿನ ಕಡ್ಡಿ ತೆಗೆದು, ತಟ್ಟಿ, ಹೆಬ್ಬೆರಳ ಮೂಳೆಯ ಮೇಲೆ ಇಟ್ಟರು.

"ಕಂಪಿಸೋದು ಗೊತ್ತಾಗ್ತಿದ್ಯಾ?"

"ನೀವು ಸರಿಯಾಗಿ ತಟ್ಟಿಲ್ಲ" ಎಂದೆ.

ಅವರು ಅದೇ ಕಡ್ಡಿಯನ್ನು ಹಾಗೇ ತಂದು ನನ್ನ ಎದೆಯ ಮೂಳೆಗೆ ತಾಗಿಸಿದರು.

ಝುಂಯ್ ಎಂದಿತು.

ಶಾರದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ನನ್ನ ಕಾಲನ್ನು ಬೇರೆ ಯಾರದೋ ಎಂಬಂತೆ ನೋಡಿದೆ.

ಬ್ಲಡ್ ಟೆಸ್ಟ್ ಆಯಿತು, ಎಂಆರ್‌ಐ ಆಯಿತು. ವಿಟಮಿನ್ ಬಿ12 ತಳ ಕಂಡಿತ್ತು. ಮರುದಿನ ಡಾಕ್ಟರು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ನರದ ಜೀವಕೋಶಕ್ಕೆ ಒಂದು ಒಡಲು, ಅದರಿಂದ ಹೊರಟ ಎಳೆ. ಕಾಲ್ಬೆರಳಿನ ಸುದ್ದಿ ಒಯ್ಯುವ ಕೋಶದ ಒಡಲು ಸೊಂಟದ ಹತ್ತಿರ, ಬೆನ್ನುಹುರಿಯ ಪಕ್ಕದಲ್ಲಿರುತ್ತದಂತೆ. ಅದರ ಎಳೆ ಒಂದು ಕಡೆ ಬೆರಳ ತುದಿಗೆ ಇಳಿಯುತ್ತದೆ, ಇನ್ನೊಂದು ಕಡೆ ಬೆನ್ನುಹುರಿಯ ಹಿಂಭಾಗದಲ್ಲಿ ತಲೆಬುಡದವರೆಗೆ ಏರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಒಂದೇ ಕೋಶ, ಹೆಚ್ಚುಕಡಿಮೆ ನನ್ನಷ್ಟೇ ಉದ್ದ. ಆ ಎಳೆಗೆ ಕೊಬ್ಬಿನ ಹೊದಿಕೆ, ಹೊದಿಕೆಯ ನಡುನಡುವೆ ಸಣ್ಣ ಬಿಡುವು. ಸುದ್ದಿ ಒಂದು ಬಿಡುವಿನಿಂದ ಇನ್ನೊಂದಕ್ಕೆ ಜಿಗಿಯುತ್ತಾ ಹೋಗುತ್ತದೆ. ಹೊದಿಕೆ ಸರಿಯಾಗಿರಲು ಬಿ12 ಬೇಕು. ಇಲ್ಲದಿದ್ದರೆ ಹೊದಿಕೆ ಹಾಳಾಗುತ್ತದೆ, ಸುದ್ದಿ ದಾರಿಯಲ್ಲೇ ಸೋರಿಹೋಗುತ್ತದೆ. ಆನೆಗೆಂದು ಹಾಕಿದ ಕರೆಂಟ್ ಬೇಲಿಗೆ ಕಳೆಗಿಡ ತಾಗಿದರೆ ಆಗುವುದೂ ಇದೇ. ಅದಕ್ಕೇ ನಾವು ವಾರಕ್ಕೊಮ್ಮೆ ಕಳೆ ಕಡಿದು ಬೇಲಿಸಾಲು ಸವರುತ್ತೇವೆ. ನನ್ನ ಬೇಲಿಯನ್ನು ಯಾರೂ ಸವರಿರಲಿಲ್ಲ.

"ಇದು ಹೇಗೆ ಬಂತು?" ಎಂದೆ.

ಅವರು ನನ್ನ ಮಾತ್ರೆ ಪುಸ್ತಕ ಕೇಳಿದರು. ಹೆಮ್ಮೆಯಿಂದ ಕೊಟ್ಟೆ. ಹನ್ನೆರಡು ವರ್ಷ, ಶುಗರ್ ಮಾತ್ರೆ ಎರಡು ಹೊತ್ತು, ಬರಿಹೊಟ್ಟೆಗೆ ಗ್ಯಾಸಿನ ಮಾತ್ರೆ, ಒಂದು ದಿನವೂ ಬಿಟ್ಟಿಲ್ಲ. ಒಂದೊಂದಕ್ಕೂ ಟಿಕ್. ಶುಗರ್ ಬಂದ ವರ್ಷವೇ ಪಥ್ಯವೆಂದು ಮೀನು, ಮಾಂಸ, ಮೊಟ್ಟೆ, ಹಾಲು, ಮೊಸರು ಎಲ್ಲ ನಿಲ್ಲಿಸಿದ್ದೆ. ಅದನ್ನೂ ಮೊದಲ ಪುಟದಲ್ಲೇ ಬರೆದಿದ್ದೆ.

ಡಾಕ್ಟರು ಪುಟ ತಿರುಗಿಸುತ್ತಾ ಹೋದರು. "ಈ ಎರಡು ಮಾತ್ರೆ ವರ್ಷಗಟ್ಟಲೆ ತಗೊಂಡ್ರೆ ಕೆಲವರಲ್ಲಿ ಬಿ12 ಕಮ್ಮಿ ಆಗುತ್ತೆ ಅಂಕಲ್. ಊಟದಿಂದಲೂ ಬರ್ತಾ ಇರ್ಲಿಲ್ಲ. ಶುಗರ್ ಮಾತ್ರೆ ನಿಲ್ಲಿಸ್ಬೇಡಿ. ಆದ್ರೆ ಆಗಾಗ ಒಂದು ಬ್ಲಡ್ ಟೆಸ್ಟ್ ಮಾಡಿಸ್ಬೇಕಿತ್ತು. ಯಾರೂ ಹೇಳಿಲ್ವಾ?"

ಯಾರೂ ಹೇಳಿಲ್ಲ.

ನನ್ನ ಸಿಟ್ಟು ಇವತ್ತಿಗೂ ಇಳಿದಿಲ್ಲ. ಇಳಿಸುವ ಮನಸ್ಸೂ ಇಲ್ಲ. ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದವನು ನಾನು. ಚೀಟಿ ಬರೆದವರು ಆ ಚೀಟಿ ಹನ್ನೆರಡು ವರ್ಷ ನಡೆಯುವುದನ್ನು ಒಮ್ಮೆಯಾದರೂ ತಿರುಗಿ ನೋಡಬೇಡವೇ? ನಾನು ಚೆಕ್‌ರೋಲಿನಲ್ಲಿ ಒಂದು ಹೆಸರನ್ನು ಆಳನ್ನು ನೋಡದೆ ಹನ್ನೆರಡು ವರ್ಷ ಹಾಜರಿ ಎಂದು ಬರೆದಿದ್ದರೆ ಸಾಹುಕಾರರು ನನ್ನನ್ನು ಇಟ್ಟುಕೊಳ್ಳುತ್ತಿದ್ದರೇ? ಕಾಲು ಸತ್ತಿದೆ ಎಂದು ಬಂದವನ ಕಾಲು ಮುಟ್ಟಲು ಯಾವ ಯಂತ್ರವೂ ಬೇಡ, ಬಗ್ಗಬೇಕು ಅಷ್ಟೆ. ವಯಸ್ಸು ಎಂಬುದು ರೋಗದ ಹೆಸರಲ್ಲ. ನನ್ನ ಮೇಲೂ ನನಗೆ ಸಿಟ್ಟಿದೆ. ಯಾರೂ ಹೇಳದಿದ್ದರೂ ಹಾಲು ಮೊಟ್ಟೆ ಬಿಟ್ಟವನು ನಾನೇ. ಬಿಡುವುದನ್ನೇ ಶಿಸ್ತು ಎಂದುಕೊಂಡಿದ್ದೆ. ಬೊಬ್ಬೆ ಎದ್ದ ಕಾಲನ್ನು ನಂಬಿ ಚೀಲ ಹೊಲಿಸಿದವನೂ ನಾನೇ.

ಇಂಜೆಕ್ಷನ್ ಶುರುವಾಯಿತು. ಮೊದಲು ದಿನಾ, ಆಮೇಲೆ ವಾರಕ್ಕೊಂದು, ಈಗ ತಿಂಗಳಿಗೊಂದು. ಊರಿನ ಆಸ್ಪತ್ರೆಗೆ ಒಂಬತ್ತಕ್ಕೆ ಸರಿಯಾಗಿ ಹೋಗುತ್ತಿದ್ದೆ. "ನೀವು ಬಂದ್ರೆ ಗಡಿಯಾರ ನೋಡೋದೇ ಬೇಡ ರೈಟ್ರೇ" ಎನ್ನುತ್ತಿದ್ದರು ಸಿಸ್ಟರ್. ಶಾರದೆ ದಿನಾ ಒಂದು ಮೊಟ್ಟೆ ಬೇಯಿಸಿ ಮುಂದಿಟ್ಟು, ಮುಗಿಸುವ ತನಕ ಎದ್ದು ಹೋಗುತ್ತಿರಲಿಲ್ಲ. ಪೂರ್ತಿ ವಾಪಸು ಬರುತ್ತದೆ ಎಂದು ಡಾಕ್ಟರು ಹೇಳಲಿಲ್ಲ. ತಡವಾಗಿದೆ ಎಂದರು. ಎಷ್ಟು ಬರುತ್ತದೋ ನೋಡೋಣ ಎಂದರು.

ಶಾರದೆ ಆಸ್ಪತ್ರೆಯ ಕಾಗದಗಳನ್ನು ಸಾಹುಕಾರರ ಮನೆಗೆ ಒಯ್ದು ಅವರ ಮುಂದಿಟ್ಟು ಬಂದಳು. ತಪ್ಪಾಯಿತು ಎಂದು ಅವರು ಹೇಳಲಿಲ್ಲ. ಈ ಸಲ ಕಣ ಶುರುವಾದ ಕೂಡಲೇ ಜೀಪ್ ಕಳಿಸಿದರು. ಕಣದ ಮೂಲೆಯ ಮೇಜಿನ ಮೇಲೆ ತೇವಾಂಶ ಅಳೆಯುವ ಹೊಸ ಮೀಟರ್ ಇತ್ತು. ಪಕ್ಕದಲ್ಲಿ ಗೋದಾಮಿನ ಬೀಗದ ಕೈ. ಚೆನ್ನಪ್ಪ ನೆಲ ನೋಡುತ್ತಾ ನಿಂತಿದ್ದ.

"ಎಂತ ಚೆನ್ನಪ್ಪ, ನನ್ನ ಬಾಯಿ ಮೂಸ್ತೀಯಾ?"

"ಬಿಡಿ ರೈಟ್ರೇ, ಇನ್ನೆಷ್ಟು ದಿನ ಅಂತೀರಿ. ತಪ್ಪಾಯ್ತು." ಆಮೇಲೆ ಮೆಲ್ಲಗೆ, "ನಮ್ಮ ಅಮ್ಮನೂ ಕಾಲು ಜೋಮು ಅಂತ ಹೇಳ್ತಾ ಇರ್ತಾಳೆ. ನಾನೂ ವಯಸ್ಸು ಅಂದ್ಕೊಂಡಿದ್ದೆ" ಎಂದ.

"ಮೊದ್ಲು ಅದನ್ನ ತೋರ್ಸು ಮಾರಾಯ" ಎಂದು, ಮಂಗಳೂರಿನ ವಿಳಾಸ ಬರೆದುಕೊಟ್ಟೆ.

ಆಮೇಲೆ ಚಪ್ಪಲಿ ಬಿಟ್ಟು ಕಣಕ್ಕಿಳಿದೆ. ನಾಲ್ಕು ಹೆಜ್ಜೆ ನಡೆದೆ. ಒಣಗಿದೆ ಅನ್ನಿಸಿತು. ಮೀಟರ್ ಇಲ್ಲ ಎಂದಿತು. ಪುಸ್ತಕದಲ್ಲಿ 'ಇನ್ನೊಂದು ದಿನ' ಎಂದು ಬರೆದೆ. ಆ ಕೆಲಸ ಇನ್ನು ನನ್ನ ಕಾಲಿನದಲ್ಲ, ಒಪ್ಪಿಕೊಂಡಿದ್ದೇನೆ. ಬಲಗಾಲಿನ ಎರಡು ಬೆರಳು ಈಗಲೂ ಇಲ್ಲವೆಂಬಂತೆಯೇ ಇವೆ. ದೇವರ ಮುಂದೆ ಕಣ್ಣು ತೆರೆದೇ ನಿಲ್ಲುತ್ತೇನೆ.

ಮಧ್ಯಾಹ್ನ ಸಾಲು ತಿರುವುವಾಗ ಎಡ ಹಿಮ್ಮಡಿಯಲ್ಲಿ ಏನೋ ಚುರ್ರ್ ಎಂದಿತು. ನಿಂತೆ. ಮತ್ತೆ ಚುರ್ರ್ ಎಂದಿತು.

"ರೈಟ್ರೇ, ಚಪ್ಪಲಿ ಹಾಕ್ಕೊಳ್ಳಿ, ಸುಡ್ತದೆ" ಎಂದು ಲಲಿತಾ ಕೂಗಿದಳು.

"ಹೌದು, ಸುಡ್ತದೆ" ಎಂದೆ. ಎಂದು, ಇನ್ನೆರಡು ಹೆಜ್ಜೆ ಹಾಗೇ ನಡೆದು, ಚಪ್ಪಲಿ ಹಾಕಿಕೊಂಡೆ.