ಅಮೋಘಸಿದ್ದನ ಸಮಪಾಲು

ಕ್ವಿಂಟಲ್ ತೊಗರಿಚೀಲ ಬೆನ್ನ ಮೇಲಿಟ್ಟುಕೊಂಡು ನಿಂತು ಹರಟೆ ಹೊಡೆಯಬಲ್ಲವನು ಆಳಂದ ಬಜಾರದಲ್ಲಿ ಹಮಾಲ ಅಮೋಘಸಿದ್ದ ಒಬ್ಬನೇ. ಕೆಂಪು ಬಾವುಟದವರ ಭಾಷಣ ಕೇಳಿಬಂದ ಮೇಲೆ ಅವನು ತನ್ನ ಟೋಳಿಯ ಆರು ಮಂದಿಯ ಹಮಾಲಿ ಕೂಲಿ ಕೂಡಿಸಿ ಸಮ ಹಂಚತೊಡಗಿದ. ಎಂಬತ್ತು ಚೀಲ ಹೊತ್ತ ತನಗೂ, ಮೊಣಕಾಲು ನೋವಿನಿಂದ ಚೀಲದ ಬಾಯಿ ಹೊಲಿಯುತ್ತ ಕೂತ ಮುದುಕ ಜಗದೇವಪ್ಪನಿಗೂ ಅಷ್ಟಷ್ಟೇ.

ಎಪ್ಪತ್ತೆಂಟರ ಸುಗ್ಗಿಯಲ್ಲಿ ಅವನ ಹೆಂಡತಿ ಗುರುಬಾಯಿ ಗಂಡನನ್ನೂ ಎಳೆದುಕೊಂಡು, ಕಾಳು ದಲಾಲಿಯ ನನ್ನ ಅಡತಿ ಅಂಗಡಿಗೇ ಬಂದಳು.

"ನೋಡ್ರಿ ಸಾವ್ಕಾರ್ರಿ, ದುಡಿದದ್ದೆಲ್ಲಾ ಹಂಚಿ ಬರ್ತಾನ. ಯುಗಾದಿಯೊಳಗ ಎಮ್ಮಿ ಬರಲಿಲ್ಲಂದ್ರ ನಾ ತವರಮನಿಗಿ ಹೊಂಟೆ. ಮಾದನಹಿಪ್ಪರಗಾದ ಬಸ್ಸು ದಿನಾ ಅದ."

ನನಗೆ ಕನಿಕರ ಬಂತು. ಹಮಾಲರು ಪೈಪೋಟಿಯಲ್ಲಿ ಓಡಿದರೆ ಲಾರಿ ಬೇಗ ತುಂಬೀತೆಂಬುದೂ ಕನಿಕರದ ಹಿಂದೆಯೇ ಹೊಳೆಯಿತು.

"ಅಮೋಘಾ, ನಾಳಿಂದ ಟೋಳಿಗಿ ಅಲ್ಲ, ಹೊತ್ತಾಂವನ ಕೈಗೇ ಕೊಡ್ತೇನಿ. ಚೀಲಕ್ಕ ಅದೇ ನಾಲ್ಕಾಣೆ."

ಅವನು ಹೆಂಡತಿಯ ಮುಖ ನೋಡಿ ಹೂಂ ಅಂದ.

ಮರುದಿನ ಲಾರಿ ಬಂತು. ಅಮೋಘಸಿದ್ದ ಬೆನ್ನು ಬಗ್ಗಿಸಿ ನಿಂತ. ನಿಂತೇ ಇದ್ದ. ಅಷ್ಟು ಭಾರದ ಚೀಲವನ್ನು ಇಬ್ಬರು ಎತ್ತಿ ಬೆನ್ನಿಗೆ ಹೊರಿಸಬೇಕು.

"ಹೊರಸ್ರಲೇ!"

"ಹೊತ್ತಾಂವಗ ರೊಕ್ಕ. ಹೊರಿಸಿದಾಂವಗ ಏನೋ?" ಎಂದ ಜೊತೆಯ ಹಮಾಲ ಚಂದಪ್ಪ. "ಒಬ್ಬೊಬ್ಬರಿಗಿ ಹತ್ತು ಪೈಸೆ ಇಡು."

ಜಗದೇವಪ್ಪ ಸೂಜಿ ಕೆಳಗಿಟ್ಟ. "ಹೊಲಿಗಿಗಿ ಐದು, ತಮ್ಮಾ."

ಅಲ್ಲಿಗೆ ನಾಲ್ಕಾಣೆ ಮುಗಿಯಿತು. ಹೊರುವವನಿಗೆ ಉಳಿದದ್ದು ಚೀಲ.

ಮಧ್ಯಾಹ್ನವಾಯಿತು. ಡ್ರೈವರ್ ನಿಂತ ಹೊತ್ತಿಗೂ ಬಾಡಿಗೆ ಕೇಳತೊಡಗಿದ. ನಾನೇ ಧೋತರ ಎತ್ತಿ ಕಟ್ಟಿ ಚೀಲದ ಒಂದು ತುದಿ ಹಿಡಿದೆ, ಗುರುಬಾಯಿ ಇನ್ನೊಂದು. ಏಳನೆಯದಕ್ಕೆ ನನ್ನ ಸೊಂಟ ಹಿಡಿಯಿತು.

"ಹಳೇ ಪದ್ಧತಿನೇ ನಡೀಲಪ್ಪಾ!"

"ನಡೀತದ್ರಿ," ಎಂದ ಅಮೋಘಸಿದ್ದ, ಬೆವರೊರೆಸುತ್ತ. "ಚೀಲಕ್ಕ ಇನ್ನ ಹತ್ತು ಪೈಸೆ ಮ್ಯಾಲ."

ಲಾರಿ ನೋಡಿದೆ, ಒಪ್ಪಿದೆ. ಹೆಚ್ಚಿನ ಹತ್ತು ಪೈಸೆ ಮೊದಲು ಅಮೋಘಸಿದ್ದನ ಎಮ್ಮೆಗೆ, ಆಮೇಲೆ ಒಬ್ಬೊಬ್ಬರ ಮನೆಯ ಅಡಚಣೆಗೆ ಎಂದು ಟೋಳಿ ಅಲ್ಲೇ ತೀರ್ಮಾನಿಸಿತು.

ಯುಗಾದಿಗೆ ಎಮ್ಮೆ ಬಂತು. ಟೋಳಿಯ ಐವರೂ ತಂಬಿಗೆ ಹಿಡಿದು ಅದರ ಹಿಂದೆಯೇ ಬಂದರು. ಗುರುಬಾಯಿ ಬಾಗಿಲಲ್ಲೇ ತಡೆದಳು.

"ಟೋಳಿ ಅವಂದು, ಎಮ್ಮಿ ನಂದು. ಸೇರು ಹಾಲಿಗಿ ಎರಡು ರೂಪಾಯಿ. ಬೇಕಾದ್ರ ಸಾಲಾಗಿ ನಿಂದರ್ರಿ."

ಅಮೋಘಸಿದ್ದ ಆಗಲೇ ಸಾಲಿನ ಕೊನೆಗೆ ಹೋಗಿ ನಿಂತಿದ್ದ.