ಹತ್ತೊಂಬತ್ತನೆಯ ದನಿ

ಆ ಮಂಗಳವಾರ ವಿಶೇಷವೇನೂ ನಡೆಯಲಿಲ್ಲ. ಮಧ್ಯಾಹ್ನ ಮಕ್ಕಳಿಗೆ ಚಿತ್ರಾನ್ನ ಬಡಿಸಿದೆವು. ಬಿಸಿಲು ಇಳಿದ ಮೇಲೆ ಲಗೋರಿ ಆಡಿಸಿದೆವು. ಆಮೇಲೆ ನಾನೂ ಅಕ್ಕನೂ ನೀರಿನ ಟ್ಯಾಂಕಿನ ಪಕ್ಕ ಕೂತು ಕರಬೂಜ ತಿಂದೆವು. ಅವಳು ಬೀಜಗಳನ್ನು ನನ್ನ ಕಾಲಿಗೆ ಗುರಿಯಿಟ್ಟು ಉಗಿದಳು, ನಾನು ಬೈದೆ. ಅವಳೊಂದಿಗೆ ಕಳೆದ ಕೊನೆಯ ಪೂರ್ತಿ ದಿನದಲ್ಲಿ ನನಗೆ ನೆನಪಿರುವುದು ಇಷ್ಟೇ.

ಮುಂದೆ ಹೇಳುವುದನ್ನು ನೀವು ನಂಬಲೇಬೇಕೆಂದು ನಾನು ಕೇಳುವುದಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ. ಹಾಸ್ಟೆಲಿನಲ್ಲಿ ಗೆಳತಿಯರು ಇಂಥ ಕಥೆ ಶುರು ಮಾಡಿದರೆ ಎದ್ದು ಬಟ್ಟೆ ಒಗೆಯಲು ಹೋಗುತ್ತಿದ್ದವಳು ನಾನು.

ಗುಡಗಾಂವಿಗೆ ಇನ್ನೂ ಮೆಟ್ರೊ ಬಂದಿರದ ಕಾಲ. ನಾನು ದೆಹಲಿಯಲ್ಲಿ ಬಿ.ಎ. ಎರಡನೇ ವರ್ಷ ಮುಗಿಸಿದ್ದೆ. ಅಕ್ಕ ಶೈಲಾ ಅಲ್ಲೇ ಎಂ.ಎ. ಓದುತ್ತಿದ್ದಳು. ಗುಡಗಾಂವಿನ ಆಚೆ ಒಂದು ತೋಟದ ಮನೆಯಲ್ಲಿ ದೆಹಲಿ ಕನ್ನಡಿಗರ ಮಕ್ಕಳಿಗೆ ಹತ್ತು ದಿನಗಳ ಬೇಸಿಗೆ ಶಿಬಿರವಿತ್ತು. ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ಇಬ್ಬರೂ ಸೇರಿದ್ದೆವು.

ಮಕ್ಕಳು ಉಳಿದುಕೊಂಡಿದ್ದ ಮನೆ ರಸ್ತೆಯ ಒಂದು ಬದಿಗಿತ್ತು, ಪಾಠ ನಡೆಯುವ ಬೇವಿನ ತೋಪು ಇನ್ನೊಂದು ಬದಿಗೆ. ನಡುವಿನ ರಸ್ತೆಯಲ್ಲಿ ಮರಳು ತುಂಬಿದ ಲಾರಿಗಳು ಓಡುತ್ತಿದ್ದವು. ಅದಕ್ಕೆ ಅಕ್ಕ ಒಂದು ಪದ್ಧತಿ ಮಾಡಿದ್ದಳು. ನಾನು ರಸ್ತೆಯ ಮಧ್ಯೆ ಕೈ ಎತ್ತಿ ನಿಂತು ಗಾಡಿಗಳನ್ನು ತಡೆಯಬೇಕು, ಕಣ್ಣು ಅವುಗಳ ಮೇಲೇ ಇರಬೇಕು. ನನ್ನ ಬೆನ್ನ ಹಿಂದೆ ಹದಿನೆಂಟು ಮಕ್ಕಳು ಸಾಲಾಗಿ ದಾಟುತ್ತಾರೆ. ಆಚೆ ಮುಟ್ಟಿದವರು ಒಬ್ಬೊಬ್ಬರಾಗಿ ತಮ್ಮ ಸಂಖ್ಯೆಯನ್ನು ಕನ್ನಡದಲ್ಲಿ ಕೂಗುತ್ತಾರೆ. ಕೊನೆಗೆ ಅಕ್ಕ ದಾಟಿ ಹತ್ತೊಂಬತ್ತು ಎಂದ ಮೇಲೆಯೇ ನಾನು ಕೈ ಇಳಿಸಬೇಕು.

ದೆಹಲಿಯಲ್ಲೇ ಬೆಳೆದ ಆ ಮಕ್ಕಳಿಗೆ ಹತ್ತರ ಮೇಲಿನ ಎಣಿಕೆ ಕಷ್ಟವಾಗಿತ್ತು. ಯಾರಾದರೂ 'ಸಿಕ್ಸ್‌ಟೀನ್' ಎಂದರೆ ಅಕ್ಕ ಬಿಡುತ್ತಿರಲಿಲ್ಲ. "ಅಚ್ಛಾ, ಇಂಗ್ಲಿಷ್ ಮಹಾರಾಜರಿಗೆ ಇವತ್ತು ಪೂರಿ ಇಲ್ಲ," ಎನ್ನುತ್ತಿದ್ದಳು. ನಾನು ತಿರುಗಿ ನೋಡಿದರೆ ನನಗೂ ಬೈಗುಳ. "ಏ, ಲಾರಿ ನೋಡೇ, ನನ್ನ ಮುಖದಲ್ಲೇನಿದೆ?" ತನ್ನ ಸಂಖ್ಯೆಯನ್ನು ಮಾತ್ರ ಸಂತೆಯಲ್ಲಿ ಕೂಗುವವಳಂತೆ ಎಳೆದು, ಕೊನೆಗೆ "ಚಲೋ!" ಎಂದು ಸೇರಿಸುತ್ತಿದ್ದಳು. ಮಕ್ಕಳು ದಿನವೂ ನಗುತ್ತಿದ್ದರು.

ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ ಅವಳು ಜೀಪಿನಲ್ಲಿ ಹೊರಟಳು. ಕೊನೆಯ ದಿನದ ನಾಟಕಕ್ಕೆ ದೆಹಲಿಯ ಸರೋಜಿನಿ ನಗರದ ಮಾರುಕಟ್ಟೆಯಿಂದ ಬಟ್ಟೆ ತರಬೇಕಿತ್ತು. "ಸಾಲಿನ ಕೊನೇಲಿ ಕಮಲಮ್ಮನ್ನ ನಿಲ್ಸು, ಮರೀಬೇಡ," ಎಂದಳು. ಕಮಲಮ್ಮ ಶಿಬಿರದ ಅಡುಗೆಯವರು. ನಾನು "ಹೂಂ ಕಣೇ, ಹೋಗು," ಎಂದೆ. ಆಮೇಲೆ ಮರೆತೆ.

ಹತ್ತೂವರೆಗೆ ಬಿಸಿಲು ಏರಿತೆಂದು ತೋಪಿನಿಂದ ಮಕ್ಕಳನ್ನು ಹೊರಡಿಸಿದೆ. ಎಂದಿನಂತೆ ರಸ್ತೆಯ ಮಧ್ಯೆ ನಿಂತು ಕೈ ಎತ್ತಿದೆ. ಎರಡು ಲಾರಿಗಳು ನಿಂತವು. ಹಿಂದಿನಿಂದ ಎಣಿಕೆ ಕೇಳುತ್ತಾ ಹೋಯಿತು. ಹದಿನಾರು, ಹದಿನೇಳು, ಹದಿನೆಂಟು. ನಂತರ ಅಕ್ಕ ತನ್ನ ಸಂಖ್ಯೆಯನ್ನು ಎಳೆದು ಕೂಗಿ "ಚಲೋ!" ಎಂದಳು. ಮಕ್ಕಳು ನಕ್ಕರು. ನಾನು ಕೈ ಇಳಿಸಿ ಬದಿಗೆ ಸರಿದೆ. ಲಾರಿಗಳು ಹೋದವು.

ಧೂಳು ಇಳಿಯುವಾಗ ಅನ್ವಿತಾ ಎಂಬ ಎಂಟು ವರ್ಷದ ಹುಡುಗಿ ನನ್ನ ದುಪಟ್ಟಾ ಎಳೆದಳು. "ಶೈಲಕ್ಕ ಹೋದ್ರು ನಾ? ಫಿರ್ ಹತ್ತೊಂಬತ್ತು ಕಿಸ್‌ನೇ ಬೋಲಾ?"

ಹೌದು, ಅಕ್ಕನಿಲ್ಲದೆ ಹತ್ತೊಂಬತ್ತು ಹೇಳಿದ್ದು ಯಾರು? ನಾನು ಮಕ್ಕಳನ್ನು ಎಣಿಸಿದೆ. ಹದಿನೆಂಟೂ ಮಂದಿ ಇದ್ದರು. ಅಕ್ಕನನ್ನು ಅಣಕಿಸಿದವರು ಯಾರೆಂದು ಗದರಿ ಕೇಳಿದೆ. ಯಾರೂ ಒಪ್ಪಲಿಲ್ಲ. ಕಮಲಮ್ಮ ಒಳಗೆ ಪೂರಿ ಲಟ್ಟಿಸುತ್ತಿದ್ದರು. ಸಂಜೆ ಅಕ್ಕ ಬಂದ ಮೇಲೆ ಹೇಳಿ ನಗಿಸಬೇಕು ಎಂದುಕೊಂಡೆ.

ಮೂರು ಗಂಟೆಗೆ ಫೋನು ಬಂತು. ಹೆದ್ದಾರಿಯಲ್ಲಿ ಅವಳಿದ್ದ ಜೀಪಿಗೆ ಲಾರಿ ಗುದ್ದಿತ್ತು. ಅಕ್ಕ ಅಲ್ಲೇ ಹೋಗಿಬಿಟ್ಟಿದ್ದಳು.

ಅಪಘಾತವಾದದ್ದು ಹನ್ನೊಂದು ದಾಟಿದ ಮೇಲೆ. ಎಷ್ಟೋ ವರ್ಷ ನಾನು ಈ ಹೊತ್ತುಗಳನ್ನು ಹೊಂದಿಸಲು ನೋಡಿದೆ, ಹೊಂದಲಿಲ್ಲ. ನಾವು ರಸ್ತೆ ದಾಟುವಾಗ ಅವಳು ಬದುಕಿದ್ದಳು, ಜೀಪಿನ ಕಿಟಕಿಯ ಬಳಿ ಕೂತು ಎಲ್ಲೋ ಹೋಗುತ್ತಿದ್ದಳು. ಸತ್ತವರು ಬಂದು ಮಾತಾಡಿದರು ಎನ್ನೋಣವೆಂದರೆ ಅದೂ ಅಲ್ಲ. ದಿನವೂ ಕೇಳಿದ್ದನ್ನು ನನ್ನ ಕಿವಿಯೇ ತುಂಬಿಕೊಂಡಿತು ಎಂದು ಗೆಳತಿಯೊಬ್ಬಳು ಹೇಳಿದಳು. ಹಾಗಾದರೆ ಮಕ್ಕಳು ನಕ್ಕದ್ದು ಏಕೆ?

ಹೋದ ವರ್ಷ ಒಂದು ಮದುವೆಯಲ್ಲಿ ಅನ್ವಿತಾ ಸಿಕ್ಕಳು. ಈಗ ಗುರುಗ್ರಾಮವೆಂದು ಹೆಸರು ಬದಲಾದ ಅದೇ ಗುಡಗಾಂವಿನಲ್ಲಿ ಕೆಲಸದಲ್ಲಿದ್ದಾಳೆ. ಧೈರ್ಯ ಮಾಡಿ ಆ ಬೆಳಗಿನ ಎಣಿಕೆಯ ಬಗ್ಗೆ ಕೇಳಿದೆ. ಅವಳು ನನ್ನ ಕೈ ಹಿಡಿದು, "ಸಾರಿ ಅಕ್ಕಾ, ಕ್ಯಾಂಪ್ ನೆನಪಿದೆ, ಪೂರಿ ನೆನಪಿದೆ. ಇದು ನೆನಪಿಲ್ಲ," ಎಂದಳು. ಹಿಡಿದ ಕೈ ಬಿಡದೆ ನಿಂತಿದ್ದಳು.

ಆಗ ನಮ್ಮಲ್ಲಿದ್ದ ಫೋನುಗಳಲ್ಲಿ ದನಿ ಹಿಡಿದಿಡುವ ಸೌಲಭ್ಯ ಇರಲಿಲ್ಲ. ಅಕ್ಕನ ಫೋಟೊಗಳು ಅಮ್ಮನ ಬೀರುವಿನಲ್ಲಿವೆ. ಅವಳು ಏನು ಹೇಳುತ್ತಿದ್ದಳೆಂದು ನಾನು ಇಲ್ಲಿ ಬರೆದಿದ್ದೇನೆ. ಅವಳ ದನಿ ಹೇಗಿತ್ತೆಂಬುದು ಮಾತ್ರ ನನಗೆ ಈಗ ಕೇಳಿಸುತ್ತಿಲ್ಲ.