ಡಬ್ಬಿಯ ಬಂಡವಾಳ ಬಲ್ಲ ತೂಕದಕ್ಕ

ಬೆಳಗಿನ ಐದೂವರೆ. ಕಂಪ್ಯೂಟರ್ ಮಾರುಕಟ್ಟೆಯ ನೆಲಮಾಳಿಗೆಯಲ್ಲಿ ಒಂದೇ ಒಂದು ಅಂಗಡಿಯ ಶಟರ್ ಅರ್ಧ ಮೇಲೆದ್ದಿದೆ. ಒಳಗೆ ಟ್ಯೂಬ್‌ಲೈಟಿನ ಕೆಳಗೆ ಐವತ್ತೆರಡು ವರ್ಷದ ಮಹಿಳೆಯೊಬ್ಬರು ತಗಡಿನ ಡಬ್ಬಿಯೊಂದನ್ನು ಎಡ ಅಂಗೈ ಮೇಲಿಟ್ಟು, ಕಣ್ಣು ಮುಚ್ಚಿ, ಮೆಲ್ಲಗೆ ಎತ್ತಿ ಇಳಿಸುತ್ತಿದ್ದಾರೆ. ಆಮೇಲೆ ಅದಕ್ಕೆ ಕರೆಂಟು ಕೊಟ್ಟು ಕಿವಿ ಹಚ್ಚುತ್ತಾರೆ. ಅದು ಪವರ್ ಸಪ್ಲೈ, ಗೋಡೆಯ ಕರೆಂಟನ್ನು ಪಳಗಿಸಿ ಕಂಪ್ಯೂಟರಿನ ಮಿಕ್ಕ ಭಾಗಗಳಿಗೆ ಹಂಚುವ ಡಬ್ಬಿ.

"ಎಂಟು ಗಂಟೆ ಆದ್ಮೇಲೆ ಗಾಡಿ ಸದ್ದು, ಗಿರಾಕಿ ಸದ್ದು. ಮಾಲು ಸರಿಯಿಲ್ದಿದ್ರೆ ಇದರೊಳಗಿಂದ ಸೊಳ್ಳೆ ಥರ ಕುಂಯ್ ಅಂತ ಬರುತ್ತಲ್ಲ, ಅದು ಕೇಳಿಸೋದು ಈಗ ಮಾತ್ರ" ಎನ್ನುತ್ತಾರೆ ಅವರು. ಮಾರುಕಟ್ಟೆಯಲ್ಲಿ ಎಲ್ಲರ ಬಾಯಲ್ಲೂ ಅವರು ತೂಕದಕ್ಕ.

ಟ್ರಾನ್ಸ್‌ಫಾರ್ಮರಿಗೆ ತಾಮ್ರದ ತಂತಿ ಸುತ್ತುವ ಕಾರ್ಖಾನೆಯಲ್ಲಿ ಒಂಬತ್ತು ವರ್ಷ ಬೆರಳು ಸವೆಸಿದವರು ಇವರು. ಅದು ಬಾಗಿಲು ಹಾಕಿದಾಗ ಈ ಅಂಗಡಿಗೆ ಕಸ ಗುಡಿಸಲು ಬಂದರು. ಒಂದು ದಿನ ಧೂಳು ಒರೆಸುತ್ತ, ಒಂದೇ ಬೆಲೆಯ ಎರಡು ಡಬ್ಬಿ ಎತ್ತಿ, "ಇದರಲ್ಲಿ ತಾಮ್ರಾನೇ ಇಲ್ಲ" ಅಂದುಬಿಟ್ಟರು. ಬಿಚ್ಚಿ ನೋಡಿದರೆ ಮಾತು ನಿಜ. ಅಂದು ಕೈಯಿಂದ ಪೊರಕೆ ಹೋಯಿತು, ಮಾರ್ಕರ್ ಪೆನ್ನು ಬಂತು. ಈಗ ದಿನಕ್ಕೆ ಅರವತ್ತು ಎಪ್ಪತ್ತು ಡಬ್ಬಿ ಅವರ ಕೈ ದಾಟುತ್ತವೆ. ಸರಿಯಿದ್ದುದರ ಮೇಲೆ ಕಪ್ಪು ಶಾಯಿಯ ಒಂದು ಗುರುತು ಬೀಳುತ್ತದೆ. ಗಿರಾಕಿಗಳು ಕಂಪನಿಯ ಹೆಸರು ಆಮೇಲೆ ನೋಡುತ್ತಾರೆ, ಮೊದಲು ಆ ಗುರುತು ಹುಡುಕುತ್ತಾರೆ.

ಮನೆಯಲ್ಲಿ ಅತ್ತೆಯ ದೂರೇ ಬೇರೆ. "ನಮ್ಮ ಸೊಸೆ ಮಿಕ್ಸಿ ಕೊಳ್ಳೋಕೆ ಹೊರಟಳು ಅಂದ್ರೆ ಅಂಗಡಿಯವನಿಗೆ ಜ್ವರ ಬರುತ್ತೆ ಕಣಮ್ಮ. ಎತ್ತಿ ನೋಡ್ತಾಳೆ, ಮೂಸಿ ನೋಡ್ತಾಳೆ, ಕೊನೆಗೆ ಬೇಡ ಅಂತ ಬರ್ತಾಳೆ!"

ಆದರೆ ಈ ಕೈಯೂ ಒಮ್ಮೆ ಮೋಸ ಹೋಗಿದೆ. ಆರು ವರ್ಷದ ಹಿಂದೆ ಒಳ್ಳೆಯ ತೂಕದ ಡಬ್ಬಿಗಳ ಲಾಟೊಂದು ಬಂತು. ಹೊಗಳಿಕೆಯಿಂದ ಉಬ್ಬಿಹೋಗಿದ್ದ ತೂಕದಕ್ಕ ಅಂಗೈ ಒಂದನ್ನೇ ನಂಬಿ ಎಲ್ಲಕ್ಕೂ ಗುರುತು ಹಾಕಿಬಿಟ್ಟರು. ತಿಂಗಳೊಳಗೆ ಸರ್ಕಾರಿ ಕಚೇರಿಯ ಎದುರು ಕೂತು ಅರ್ಜಿ ಟೈಪು ಮಾಡಿಕೊಡುವವನೊಬ್ಬ ಚೀಲದಲ್ಲಿ ಸುಟ್ಟ ಡಬ್ಬಿ ಹಿಡಿದು ಬಂದ. ಅದು ತಾನು ಸಾಯುವುದಲ್ಲದೆ ಅವನ ಇಡೀ ಕಂಪ್ಯೂಟರನ್ನೂ ಜೊತೆಗೆ ಕೊಂಡೊಯ್ದಿತ್ತು. ಬಿಚ್ಚಿದರೆ ಒಳಗೆ ತೂಕಕ್ಕೆಂದೇ ಅಂಟಿಸಿದ ಕಬ್ಬಿಣದ ಪಟ್ಟಿ.

"ಅವನು ಕೂಗಾಡಿದ್ರೆ ಚೆನ್ನಾಗಿತ್ತು. 'ನೀವು ನೋಡಿದ್ದು ಅಂತ ಅಂಗಡೀಲಿ ಅಂದ್ರಲ್ಲಾ ಅಕ್ಕ, ಅದಕ್ಕೇ ತಗೊಂಡೆ' ಅಂದ. ಮೂರು ದಿನ ನನಗೆ ಅನ್ನ ಸೇರಲಿಲ್ಲ."

ಅಂದಿನಿಂದ ಲಾಟಿಗೊಂದು ಡಬ್ಬಿಯ ಸೀಲು ಒಡೆದು ನೋಡುವುದು ಅವರ ಕ್ರಮ. ಜೊತೆಗೆ ಹಲಗೆಯೊಂದರ ಮೇಲೆ ತಲಾ ಐವತ್ತೈದು ವ್ಯಾಟಿನ ವಾಹನದ ಹೆಡ್‌ಲೈಟ್ ಬಲ್ಬುಗಳನ್ನು ಸಾಲಾಗಿ ಜೋಡಿಸಿಕೊಂಡಿದ್ದಾರೆ. ಒಂದೊಂದಾಗಿ ಹೊತ್ತಿಸಿದಂತೆ ಡಬ್ಬಿಯ ಮೇಲೆ ಹೊರೆ ಏರುತ್ತದೆ. ಆಗಲೂ ಮೀಟರಿನ ಮುಳ್ಳು ಹನ್ನೆರಡು ವೋಲ್ಟಿನ ಆಸುಪಾಸಿನಲ್ಲೇ ನಿಲ್ಲಬೇಕು. ಐನೂರು ವ್ಯಾಟ್ ಎಂದು ಬರೆದುಕೊಂಡದ್ದು ಒಂಬತ್ತು ಬಲ್ಬು ಹೊರಬೇಕು.

ಇವತ್ತು ಮೇಜಿನ ಮೇಲಿರುವುದು ಅಂಥದೇ ಐನೂರು ವ್ಯಾಟಿನ ನಲವತ್ತು ಡಬ್ಬಿ. ಶಾಲೆಯೊಂದರ ಕಂಪ್ಯೂಟರ್ ಕೊಠಡಿಗೆ ಹತ್ತು ಗಂಟೆಯೊಳಗೆ ಹೋಗಬೇಕು. ಆರು ಬಲ್ಬಿನವರೆಗೆ ಎಲ್ಲ ಸರಿ. ಏಳನೆಯದು ಹೊತ್ತುತ್ತಿದ್ದಂತೆ ಮುಳ್ಳು ಜಾರಿ ಹನ್ನೊಂದಕ್ಕೆ ಬರುತ್ತದೆ. ಇನ್ನೂ ಐದು ಡಬ್ಬಿ ನೋಡುತ್ತಾರೆ. ಅವುಗಳದೂ ಅದೇ ಹಾಡು.

ಅಷ್ಟರಲ್ಲಿ ಅಂಗಡಿಯ ಯಜಮಾನ ಬರುತ್ತಾನೆ. ಚಡ್ಡಿ ಹಾಕಿಕೊಂಡು ಅಪ್ಪನ ಜೊತೆ ಇಲ್ಲಿಗೆ ಬರುತ್ತಿದ್ದ ಕಾಲದಿಂದ ತೂಕದಕ್ಕ ಅವನನ್ನು ಕಂಡವರು. ವಿಷಯ ಕೇಳಿ ಅವನ ಮುಖ ಹುಳ್ಳಗಾಗುತ್ತದೆ.

"ಶಾಲೆ ಮಕ್ಕಳು ಏಳು ಬಲ್ಬ್ ಉರಿಸ್ತಾರಾ ಅಕ್ಕ? ಆ ಕಂಪ್ಯೂಟರ್‌ಗೆ ನೂರೈವತ್ತು ವ್ಯಾಟ್ ಸಾಕು."

"ಸಾಕು. ನಾನೂ ಇದು ಕೆಟ್ಟದ್ದು ಅಂದಿಲ್ಲ ಯಜಮಾನ್ರೆ. ಮುನ್ನೂರಕ್ಕೆ ಒಳ್ಳೇ ಮಾಲು. ಕಡಿಮೆ ಬೆಲೆದು ಕೆಟ್ಟದ್ದಲ್ಲ, ಐನೂರರ ದುಡ್ಡು ತಗೊಂಡು ಮುನ್ನೂರರದ್ದು ಕೊಡೋದು ಕೆಟ್ಟದ್ದು."

"ಮುನ್ನೂರು ಅಂತ ಹೇಳಿದ್ರೆ ಆರ್ಡರೇ ಹೋಗುತ್ತೆ. ಗುರುತು ಹಾಕಿ. ಆಗಲ್ಲ ಅಂದ್ರೆ ನಾಳೆಯಿಂದ ಬರಬೇಡಿ."

ಇಪ್ಪತ್ತೆರಡು ವರ್ಷದ ಕೆಲಸ ಒಂದು ಮಾತಿನಲ್ಲಿ ಮುಗಿಯುವ ಹಾಗಿದೆ. ತೂಕದಕ್ಕನಿಗೆ ಹೆದರಿಕೆಯಾಗುತ್ತದೆ, ನಿಜವಾಗಿಯೂ ಆಗುತ್ತದೆ. ಈ ವಯಸ್ಸಿನಲ್ಲಿ ಇನ್ನೆಲ್ಲಿ ಹೋಗಿ ಯಾವ ಡಬ್ಬಿ ಎತ್ತುವುದು? ಆದರೂ ಮಾರ್ಕರಿನ ಮುಚ್ಚಳ ಹಾಕಿ ಅವನ ಮುಂದಿಡುತ್ತಾರೆ.

"ಹಾಗಾದ್ರೆ ಗುರುತು ನೀವೇ ಹಾಕಿ. ಚೀಲ ಹಿಡ್ಕೊಂಡು ಬಂದೋರಿಗೆ ಉತ್ತರಾನೂ ನೀವೇ ಹೇಳಿ."

ಯಜಮಾನ ಮಾರ್ಕರ್ ಎತ್ತಿಕೊಳ್ಳುತ್ತಾನೆ. ಒಂದು ಡಬ್ಬಿಯ ಮೇಲೆ ಬಾಗುತ್ತಾನೆ. ಕೈ ಅಲ್ಲೇ ನಿಲ್ಲುತ್ತದೆ. ಕೊನೆಗೆ ಹಲ್ಲು ಕಚ್ಚಿಕೊಂಡು ಶಾಲೆಯ ಮುಖ್ಯೋಪಾಧ್ಯಾಯಿನಿಗೆ ಫೋನ್ ಹಚ್ಚುತ್ತಾನೆ. ಬರೆದಿರುವುದು ಐನೂರು, ಇರುವುದು ಮುನ್ನೂರು, ಬೆಲೆಯೂ ಮುನ್ನೂರರದೇ ಎಂದು ಒಂದೇ ಉಸಿರಿನಲ್ಲಿ ಒದರುತ್ತಾನೆ. ಆ ಕಡೆಯಿಂದ ಬಂದ ಪ್ರಶ್ನೆ ತೂಕದಕ್ಕನಿಗೂ ಕೇಳಿಸುತ್ತದೆ: "ಇದನ್ನ ನೋಡಿ ಹೇಳಿದ್ದು ಯಾರು?"

"ನಮ್ಮ ಅಕ್ಕ ಒಬ್ಬರಿದ್ದಾರೆ ಮೇಡಂ."

"ಹಾಗಾದ್ರೆ ಕಳಿಸಿ. ಮುನ್ನೂರು ಅಂತ ಅವರ ಕೈಯಲ್ಲೇ ಬರೆಸಿ ಕಳಿಸಿ."

ತೂಕದಕ್ಕ ಕೆಲಸಕ್ಕೆ ಕೂರುತ್ತಾರೆ. ಉಳಿದ ಡಬ್ಬಿಗಳನ್ನೂ ಒಂದೊಂದಾಗಿ ಬಲ್ಬಿಗೆ ಹಚ್ಚಿ ನೋಡಿ, ಐನೂರನ್ನು ಹೊಡೆದುಹಾಕಿ ಮುನ್ನೂರು ಬರೆಯುತ್ತಾರೆ. ಕ್ರಮದಂತೆ ಸೀಲು ಒಡೆದು ನೋಡಿದ ಒಂದನ್ನು ಬದಿಗಿಟ್ಟು ಅದರ ಬದಲಿಗೆ ಬೇರೊಂದು ಸೇರಿಸುತ್ತಾರೆ. ಯಜಮಾನ ಎರಡು ಲೋಟ ಚಹಾ ತಂದು ಒಂದನ್ನು ಅವರ ಪಕ್ಕಕ್ಕಿಡುತ್ತಾನೆ. ಕ್ಷಮೆ ಕೇಳುವ ಅಭ್ಯಾಸ ಅವನಿಗಿಲ್ಲ.

"ಎಲ್ಲ ಕಂಪನಿಯವರೂ ಇದ್ದದ್ದು ಇದ್ದ ಹಾಗೆ ಬರೆದುಬಿಟ್ರೆ ನಿಮಗೇನು ಕೆಲಸ ಉಳಿಯುತ್ತೆ ಅಕ್ಕ?" ಎಂದು ಕೆಣಕುತ್ತಾನೆ.

"ಕೆಲಸ ಹೋದ್ರೆ ಹೋಗ್ಲಿ ಬಿಡಿ" ಎಂದು ತೂಕದಕ್ಕ ನಗುತ್ತಾರೆ. "ನನಗೂ ಒಂದು ಆಸೆ ಇದೆ. ಒಂದಿನ ಅಂಗಡಿಗೆ ಹೋಗಿ, ಎತ್ತಿ ನೋಡದೆ, ಕಿವಿ ಹಚ್ಚದೆ, ಡಬ್ಬದ ಮೇಲೆ ಬರೆದದ್ದನ್ನ ಓದಿ, ಸುಮ್ಮನೆ ನಂಬಿ, ಒಂದು ಸಾಮಾನು ಮನೆಗೆ ತರಬೇಕು."